ಎರಡು ದಿನದ ಯೋಗ ಶಿಬಿರ: ಸೋಮವಾರದಿಂದ ಹಿಂದಕ್ಕೆ ಲೆಕ್ಕ

ನಮ್ಮ ಯೋಗ ಶಿಕ್ಷಕರ ತರಬೇತಿಯ ಕೊನೆಯ ಕೆಲಸ ಇದು: ಶನಿವಾರ, ಭಾನುವಾರದ ಒಂದು ಶಿಬಿರವನ್ನು ನೀವೇ ಯೋಜಿಸಿ, ನಡೆಸಿ, ವರದಿ ಬರೆಯಿರಿ. ನಾನು ಎರಡು ಸಲ ಮಾಡಿದೆ. ಮೊದಲನೆಯದು ಗೋಕರ್ಣದ ಹತ್ತಿರ, ಸಮುದ್ರದ ದಂಡೆಯಲ್ಲಿ. ಎರಡನೆಯದು ಶಿರಸಿ ಕಡೆಯ ಒಂದು ತೋಟದ ಮನೆಯಲ್ಲಿ. ನಿಮ್ಮ ಸರದಿ ಬಂದಾಗ ಉಪಯೋಗವಾಗಲಿ ಅಂತ ಈ ಟಿಪ್ಪಣಿ.

ಮೊದಲ ಶಿಬಿರ ಕೆಟ್ಟುಹೋಯಿತು ಅಂತ ಹೇಳುವಂತಿಲ್ಲ. ಎಲ್ಲರೂ ಖುಷಿಯಾಗಿಯೇ ಮನೆಗೆ ಹೋದರು. ಆದರೆ ಮುಂದಿನ ಗುರುವಾರ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಹದಿನಾಲ್ಕು ಜನರಲ್ಲಿ ಹನ್ನೆರಡು ಜನ ಏನನ್ನೂ ಮಾಡುತ್ತಿರಲಿಲ್ಲ. ಒಬ್ಬರು, "ಆ ಮೂಗು ಮುಚ್ಚಿ ಉಸಿರಾಡೋದು ಎಡಗಡೆಯಿಂದ ಶುರುವೋ ಬಲಗಡೆಯಿಂದಲೋ?" ಅಂತ ನನ್ನನ್ನೇ ಕೇಳಿದರು. (ಎಡಗಡೆಯಿಂದ. ನಾಡಿಶೋಧನದಲ್ಲಿ ಮೊದಲ ಉಸಿರನ್ನು ಎಡ ಮೂಗಿನಿಂದ ಎಳೆದುಕೊಳ್ಳುವುದು ರೂಢಿ.) ನಾನು ಆ ಎರಡು ದಿನದಲ್ಲಿ ಹನ್ನೊಂದು ಅಭ್ಯಾಸ ಕಲಿಸಿದ್ದೆ. ಕಲಿಸಿದ್ದೆ ಅನ್ನುವುದಕ್ಕಿಂತ ತೋರಿಸಿದ್ದೆ ಅನ್ನಬೇಕು.

ಸೂತ್ರದಲ್ಲೇ ಉತ್ತರ ಇತ್ತು

ಪತಂಜಲಿಯ ಯೋಗಸೂತ್ರದ ಮೊದಲ ಪಾದದ 14ನೇ ಸೂತ್ರವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ: "ಸ ತು ದೀರ್ಘಕಾಲ ನೈರಂತರ್ಯ ಸತ್ಕಾರಾಸೇವಿತೋ ದೃಢಭೂಮಿಃ". ಅಭ್ಯಾಸ ಗಟ್ಟಿಯಾಗಲು ಮೂರು ಬೇಕು. ತುಂಬಾ ಕಾಲ ಮಾಡಬೇಕು, ನಡುವೆ ಬಿಡಬಾರದು, ಆದರದಿಂದ ಮಾಡಬೇಕು. ಈಗ ಇದನ್ನು ಎರಡು ದಿನದ ಶಿಬಿರದ ಪಕ್ಕ ಇಟ್ಟು ನೋಡಿ. ತುಂಬಾ ಕಾಲ? ಇಲ್ಲ. ಬಿಡದೆ? ಭಾನುವಾರ ಸಂಜೆಗೇ ಬಿಡುತ್ತೇವೆ. ನಮ್ಮ ಕೈಯಲ್ಲಿ ಉಳಿಯುವುದು ಮೂರನೆಯದು ಮಾತ್ರ. ಒಂದು ಅಭ್ಯಾಸವನ್ನು ಅವಸರವಿಲ್ಲದೆ, ಮರ್ಯಾದೆ ಕೊಟ್ಟು ಮಾಡಿದರೆ ಹೇಗಿರುತ್ತದೆ ಅಂತ ಒಂದು ಸಲ ಅನುಭವಕ್ಕೆ ತರುವುದು. ಉಳಿದ ಎರಡು ಅವರವರ ಮನೆಯಲ್ಲೇ ಆಗಬೇಕು.

ಇದು ಹೊಳೆದ ಮೇಲೆ ಯೋಜನೆ ತಲೆಕೆಳಗಾಯಿತು. ಶನಿವಾರ ಬೆಳಿಗ್ಗೆ ಏನು ಮಾಡಿಸಲಿ ಅಂತ ಶುರುಮಾಡುವುದನ್ನು ಬಿಟ್ಟೆ. ಸೋಮವಾರ ಬೆಳಿಗ್ಗೆ ಇವರು ಎಲ್ಲಿರುತ್ತಾರೆ ಅಂತ ಕೇಳಿಕೊಂಡೆ. ಬರುವವರಿಗೆಲ್ಲ ಮೊದಲೇ ಒಂದು ಪ್ರಶ್ನೆ ಕಳಿಸಿದೆ: "ನಿಮ್ಮ ಸಾಮಾನ್ಯ ಸೋಮವಾರವನ್ನು ಗಂಟೆ ಗಂಟೆಗೆ ಬರೆದು ಕಳಿಸಿ." ಬಂದ ಉತ್ತರಗಳಲ್ಲಿ ಯಾರಿಗೂ ಬೆಳಿಗ್ಗೆ ಒಂದು ಗಂಟೆ ಖಾಲಿ ಇರಲಿಲ್ಲ. ಆದರೆ ಎಲ್ಲರಿಗೂ ಮೂರು ನಿಮಿಷದ ಸಂದುಗಳಿದ್ದವು. ಬಚ್ಚಲ ಒಲೆಗೆ ಬೆಂಕಿ ಹಾಕಿ ನೀರು ಕಾಯಲು ನಿಲ್ಲುವ ಹೊತ್ತು. ಬಸ್ಸು ಬರುವ ತನಕದ ಹೊತ್ತು. ಕುಕ್ಕರ್ ಮೂರು ಸೀಟಿ ಹೊಡೆಯುವ ತನಕದ ಹೊತ್ತು. ಎರಡನೇ ಶಿಬಿರದ ಪಠ್ಯ ಈ ಸಂದುಗಳೇ.

ಸಮುದ್ರವೋ ತೋಟವೋ

ಎಲ್ಲರಿಗೂ ಸಮುದ್ರವೇ ಬೇಕು. ಫೋಟೋ ಚೆನ್ನಾಗಿ ಬರುತ್ತದೆ, ಅಲ್ವಾ? ಆದರೆ ನಮ್ಮದು ಪಶ್ಚಿಮ ಕರಾವಳಿ. ಇಲ್ಲಿ ಸೂರ್ಯ ಘಟ್ಟದ ಕಡೆಯಿಂದ ಹುಟ್ಟುತ್ತಾನೆ, ಸಮುದ್ರದಲ್ಲಿ ಮುಳುಗುತ್ತಾನೆ. ಗೋಕರ್ಣದ ಕುಡ್ಲೆ ಬೀಚಿನಲ್ಲಿ ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಸೂರ್ಯನಮಸ್ಕಾರ ಹಾಕಿದರೆ ಕಣ್ಣಿಗೆ ಕಾಣುವುದು ಗುಡ್ಡ. ಸಮುದ್ರ ಬೆನ್ನಿಗೆ. ನನ್ನ ಗುಂಪಿನ ಅರ್ಧ ಜನ ಸುಮ್ನೆ ತಿರುಗಿ ನಿಂತರು.

ಇನ್ನೊಂದು ತೊಂದರೆ ಮರಳು. ಒಣ ಮರಳಿನಲ್ಲಿ ಅಂಗೈ ಹೂತುಹೋಗುತ್ತದೆ, ಮಣಿಕಟ್ಟು ಜಾಸ್ತಿ ಬಾಗುತ್ತದೆ. ದಂಡೆ ಇಳಿಜಾರಾಗಿರುವುದರಿಂದ ಸೊಂಟ ಒಂದು ಕಡೆ ವಾಲುತ್ತದೆ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿ ಇರುತ್ತದೆ ನಿಜ. ಆದರೆ ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿಮ್ಮ ವೇಳಾಪಟ್ಟಿ ಅದನ್ನು ಕೇಳಬೇಕು, ಅದು ನಿಮ್ಮ ವೇಳಾಪಟ್ಟಿಯನ್ನು ಕೇಳುವುದಿಲ್ಲ. ಕಾರವಾರದ ಟಾಗೋರ್ ಬೀಚೇ ಆಗಲಿ, ಗೋಕರ್ಣವೇ ಆಗಲಿ, ದಂಡೆಯನ್ನು ಸಂಜೆಯ ನಡಿಗೆಗೆ, ಸುಮ್ಮನೆ ಕೂರುವುದಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಅದೂ ದೂರದಿಂದಲೇ. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗೆ ಇಳಿಯುವ ಮಾತೇ ಬೇಡ.

ಶಿರಸಿ ಕಡೆ ಬೇರೆ ಲೆಕ್ಕ. ರೈಲು ಇಲ್ಲ. ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಬೇಕು, ಸುಮಾರು 60 ಕಿ.ಮೀ. ತಿರುವು ಜಾಸ್ತಿ. ಬಂದ ಕೂಡಲೇ ಆಸನಕ್ಕೆ ನಿಲ್ಲಿಸಬೇಡಿ. ನಾನು ನಿಲ್ಲಿಸಿದೆ. ಇಬ್ಬರು ಮುಂದಕ್ಕೆ ಬಾಗಿದವರು ಹಾಗೇ ಅಂಗಳದ ಅಂಚಿಗೆ ಓಡಿದರು.

ತಿಂಗಳನ್ನೂ ನೋಡಿಕೊಳ್ಳಿ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಟದ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ, ಅಂಗಳವೂ ನಿಮಗಿಲ್ಲ, ಅಡಿಕೆಗೆ. ಚಾಲಿ (ಸಿಪ್ಪೆ ಸಮೇತ ಒಣಗಿಸುವ ಅಡಿಕೆ) ಮಾಡುವವರಾದರೆ ತಿಂಗಳಿಗೂ ಹೆಚ್ಚು ಬಿಸಿಲಿಗೆ ಹಾಕಿರುತ್ತಾರೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ಮಾರ್ಚ್‌ನಲ್ಲಿ ಆಯಿತು. ಆ ವಾರದಲ್ಲಿ ಶಿರಸಿಯಲ್ಲಿ ರೂಮು ಹುಡುಕುವುದೇ ಒಂದು ತಪಸ್ಸು. ನಾವು ಏಪ್ರಿಲ್‌ನಲ್ಲಿ ಮಾಡಿದೆವು. ಸೆಕೆ ಇತ್ತು, ಆದರೆ ಅಂಗಳ ಸಿಕ್ಕಿತು. ಸಗಣಿ ಸಾರಿಸಿದ ನೆಲ, ಮೇಲೆ ಚಾಪೆ. ಮಣಿಕಟ್ಟಿಗೂ ಸೊಂಟಕ್ಕೂ ಅದಕ್ಕಿಂತ ಒಳ್ಳೆಯ ಜಾಗ ನಾನು ನೋಡಿಲ್ಲ.

ಊಟದ ವಿಷಯ

ವೇಳಾಪಟ್ಟಿ ಬರೆಯುವಾಗ ನಾವು ಊಟವನ್ನು ಒಂದು ಸಾಲಲ್ಲಿ ಮುಗಿಸುತ್ತೇವೆ: "12.30, ಸಾತ್ವಿಕ ಭೋಜನ". ನಿಜವಾಗಿ ಶಿಬಿರವನ್ನು ನಡೆಸುವುದು ಊಟವೇ. ತುಂಬು ಊಟ ಆದ ಮೇಲೆ ಮೂರು, ನಾಲ್ಕು ಗಂಟೆ ಆಸನ ಮಾಡುವಂತಿಲ್ಲ. ಬೆಳಿಗ್ಗೆ ತೆಳ್ಳೇವು (ತೆಳು ದೋಸೆ), ಜೋನಿಬೆಲ್ಲ (ನೀರುಬೆಲ್ಲ) ಬಡಿಸಿದರೆ ಎರಡಕ್ಕೆ ಯಾರೂ ನಿಲ್ಲಿಸುವುದಿಲ್ಲ. ಹಾಗಾಗಿ ಆಸನವೆಲ್ಲ ತಿಂಡಿಗೆ ಮೊದಲೇ ಮುಗಿಯಲಿ. 6.15ಕ್ಕೆ ಶುರು, 7.45ಕ್ಕೆ ಮುಗಿತಾಯ.

ಮಧ್ಯಾಹ್ನ ಒಂದೆಲಗದ ತಂಬುಳಿ, ಕೊನೆಗೆ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಹುಳಿಸಾರು. ಅಪ್ಪೆಹುಳಿ ಕುಡಿದವರಿಗೆ ನಿದ್ದೆ ಬರುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ಎರಡು ಗಂಟೆಗೆ ಯೋಗನಿದ್ರೆ ಇಟ್ಟಿದ್ದೆ. ಹತ್ತು ನಿಮಿಷಕ್ಕೆ ಜಗಲಿಯ ತುಂಬ ಗೊರಕೆ. ಯೋಗನಿದ್ರೆ ಎಚ್ಚರದಲ್ಲಿ ಇದ್ದು ಮಾಡುವ ಅಭ್ಯಾಸ. ಇದು ಬರೀ ನಿದ್ರೆ. ಎಬ್ಬಿಸಲಿಲ್ಲ. ವಾರವಿಡೀ ಐದು ಗಂಟೆ ಮಲಗುವವರಿಗೆ ಆ ಗೊರಕೆಗಿಂತ ಒಳ್ಳೆಯದನ್ನು ನಾನು ಏನು ಕೊಡಲಿ? ಮುಂದಿನ ಸಲ ಆ ಹೊತ್ತಿಗೆ "ವಿಶ್ರಾಂತಿ" ಅಂತ ಪ್ರಾಮಾಣಿಕವಾಗಿ ಬರೆದು, ಯೋಗನಿದ್ರೆಯನ್ನು ಸಂಜೆ ಐದಕ್ಕೆ ಇಡುತ್ತೇನೆ. ಕವಳದ (ಎಲೆ ಅಡಿಕೆಯ) ತಟ್ಟೆಯ ಬಗ್ಗೆಯೂ ಮೊದಲೇ ಹೇಳಿಬಿಡಿ. ಬಾಯಲ್ಲಿ ಕವಳ ಇಟ್ಟುಕೊಂಡು ಭ್ರಾಮರಿ (ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಡುವ ಪ್ರಾಣಾಯಾಮ) ಮಾಡಲು ಹೋದವರನ್ನು ನಾನು ನೋಡಿದ್ದೇನೆ.

ಮೌನವನ್ನು ಶನಿವಾರ ರಾತ್ರಿ ಊಟದಿಂದ ಭಾನುವಾರ ತಿಂಡಿಯ ತನಕ ಇಟ್ಟೆವು. ಮನೆಯ ಅಮ್ಮನಿಗೆ ಇದನ್ನು ಹೇಳಲು ಮರೆತಿದ್ದೆ. ಬೆಳಿಗ್ಗೆ ಅವರು ಒಬ್ಬೊಬ್ಬರ ಹತ್ತಿರವೂ ಬಂದು "ಆಸರಿಗೆ ಎಂತ ಮಾಡ್ಲಿ?" (ಕುಡಿಯಲು ಏನು ಮಾಡಲಿ) ಅಂತ ಕೇಳಿದರು. ಯಾರೂ ಮಾತಾಡದ್ದು ನೋಡಿ ರಾತ್ರಿ ಊಟ ಸೇರಲಿಲ್ಲವೇನೋ ಅಂತ ಬೇಜಾರು ಮಾಡಿಕೊಂಡರು. ಕೊನೆಗೆ ನಾನೇ ಮೌನ ಮುರಿದು ಎಲ್ಲರಿಗೂ ಕಷಾಯ ಹೇಳಿದೆ.

ಮನೆಗೆ ಒಯ್ಯುವ ಮೂರು

ಹನ್ನೊಂದರ ಬದಲು ಮೂರೇ. ಪ್ರತಿಯೊಂದನ್ನೂ ಎರಡು ದಿನದಲ್ಲಿ ಕಡಿಮೆ ಅಂದರೆ ಐದು ಸಲ ಮಾಡಿಸಿದೆ.

ಮೊದಲನೆಯದು ಉದ್ದ ನಿಶ್ವಾಸ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಎಳೆಯುವುದೂ ಬಿಡುವುದೂ ಮೂಗಿನಿಂದಲೇ. ಒಂದು ಎಣಿಕೆ ಒಂದು ಸೆಕೆಂಡ್ ಅಂತ ಇಟ್ಟರೆ ನಿಮಿಷಕ್ಕೆ ಆರು ಉಸಿರು, ಮೂರು ನಿಮಿಷಕ್ಕೆ ಹದಿನೆಂಟು. ಉಸಿರು ಹಿಡಿಯುವುದಿಲ್ಲ. ಇದು ಯಾಕೆ ಕೆಲಸ ಮಾಡುತ್ತದೆ ಅಂತ ಮಾತಲ್ಲಿ ವಿವರಿಸಬೇಡಿ, ಮುಟ್ಟಿ ನೋಡಿಸಿ. ಎಡಗೈ ಮಣಿಕಟ್ಟಿನ ನಾಡಿಯ ಮೇಲೆ ಬಲಗೈಯ ಎರಡು ಬೆರಳು ಇಟ್ಟು ನಿಧಾನವಾಗಿ ಉಸಿರಾಡಲು ಹೇಳಿ. ಒಳಗೆ ಎಳೆಯುವಾಗ ಬಡಿತ ಸ್ವಲ್ಪ ಚುರುಕು, ಹೊರಗೆ ಬಿಡುವಾಗ ಸ್ವಲ್ಪ ನಿಧಾನ. ಹೃದಯವನ್ನು ನಿಧಾನ ಮಾಡುವ ವೇಗಸ್ ನರ ನಿಶ್ವಾಸದ ಹೊತ್ತಿನಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಅದಕ್ಕೇ ನಿಶ್ವಾಸ ಉದ್ದ. ಎಲ್ಲರಿಗೂ ಬೆರಳಿಗೆ ಸಿಗುವುದಿಲ್ಲ, ಎಳೆಯರಿಗೆ ಬೇಗ ಸಿಗುತ್ತದೆ. ಕಾರವಾರದಿಂದ ಬಂದಿದ್ದ ಕಾಲೇಜು ಹುಡುಗನೊಬ್ಬ ಎರಡನೇ ಉಸಿರಿಗೇ ಕಣ್ಣು ಬಿಟ್ಟು "ಹೌದಲ್ಲ!" ಅಂದ. ಆ ಒಂದು ಮಾತು ನನ್ನ ಅರ್ಧ ಗಂಟೆಯ ಉಪನ್ಯಾಸ ಉಳಿಸಿತು.

ಎರಡನೆಯದು ಕುರ್ಚಿಯ ಮೇಲೆ ಐದು ನಿಮಿಷ: ಬೆನ್ನು ಉಬ್ಬಿಸುವುದು, ತಗ್ಗಿಸುವುದು, ಎರಡೂ ಪಕ್ಕಕ್ಕೆ ಬಾಗುವುದು, ಕುರ್ಚಿಯ ಬೆನ್ನು ಹಿಡಿದು ತಿರುಗುವುದು. ಇದರಲ್ಲಿ ವಿಶೇಷ ಏನಿಲ್ಲ, ಆದರೆ ಶಿಬಿರದಲ್ಲಿ ಇದನ್ನು ಚಾಪೆಯ ಮೇಲೆ ಕಲಿಸಬೇಡಿ. ಕುರ್ಚಿ ತರಿಸಿ. ಚಾಪೆಯಲ್ಲಿ ಕಲಿತದ್ದು ಚಾಪೆಯಲ್ಲೇ ಉಳಿಯುತ್ತದೆ.

ಮೂರನೆಯದು ಮಲಗುವ ಮೊದಲು ಹತ್ತು ನಿಮಿಷ ಶವಾಸನ. ಮಂಡಿಯ ಕೆಳಗೆ ಸುತ್ತಿದ ಕಂಬಳಿ ಇಟ್ಟರೆ ಸೊಂಟ ನೋಯುವವರಿಗೂ ಹಾಯ್ ಅನ್ನಿಸುತ್ತದೆ. ಪಾದದಿಂದ ಶುರುಮಾಡಿ ಹಣೆಯ ತನಕ ಒಂದೊಂದೇ ಭಾಗವನ್ನು ಸಡಿಲ ಬಿಡುತ್ತಾ ಬರುವುದು.

ಭಾನುವಾರ ಮಧ್ಯಾಹ್ನದ ಪಾಠ ನನಗೆ ಇಷ್ಟವಾದದ್ದು. ಎಲ್ಲರ ಮೊಬೈಲ್ ವಾಪಸ್ ಕೊಟ್ಟು, ರಿಂಗ್ ಆನ್ ಮಾಡಿಸಿ, ಅಡುಗೆಮನೆಯ ಮಿಕ್ಸಿ ಓಡಿಸಿ, ಆ ಗಲಾಟೆಯಲ್ಲೇ ಹದಿನೆಂಟು ಉಸಿರು ಮಾಡಿಸಿದೆ. ಹಕ್ಕಿ ಕೂಗುವ ಅಂಗಳದಲ್ಲಿ ಶಾಂತವಾಗಿರುವುದು ಯಾರಿಗೆ ಬರುವುದಿಲ್ಲ?

ಸುರಕ್ಷತೆ

ಬರುವ ಮೊದಲೇ ಬರೆಸಿಕೊಳ್ಳಿ: ಬಿಪಿ, ಗ್ಲಾಕೋಮಾ, ಹರ್ನಿಯಾ, ಗರ್ಭಿಣಿಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ. ಇವರಿಗೆ ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಹೊರಹಾಕುವುದು) ಬೇಡ, ತಲೆಕೆಳಗಾಗುವ ಆಸನ ಬೇಡ. ಶೀರ್ಷಾಸನವನ್ನಂತೂ ಎರಡು ದಿನದಲ್ಲಿ ಯಾರಿಗೂ ಕಲಿಸಬೇಡಿ. ಜಲನೇತಿ (ಉಪ್ಪುನೀರಿನಿಂದ ಮೂಗು ತೊಳೆಯುವುದು) ಮಾಡಿಸುವುದಾದರೆ ಬಾವಿಯ ನೀರನ್ನು ಕುದಿಸಿ ಆರಿಸಿಯೇ ಬಳಸಬೇಕು. ಅರ್ಧ ಲೀಟರಿಗೆ ಸುಮಾರು ಒಂದು ಟೀ ಚಮಚ ಉಪ್ಪು.

ಒಂದು ಮಾತು ಇಲ್ಲಿಯೇ ಸೇರಿಸುತ್ತೇನೆ. ನಾವು ಕಲಿತಿರುವ ಚುರುಕಿನ ಆಸನ ಸರಣಿಗಳಲ್ಲಿ ಹಲವು 1930ರ ದಶಕದಲ್ಲಿ ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರು ಹುಡುಗರಿಗೆ ಹೇಳಿಕೊಟ್ಟ ಪದ್ಧತಿಯಿಂದ ಬಂದವು. ಮುಂದೆ ಹೆಸರಾಂತ ಯೋಗಗುರುಗಳಾದ ಪಟ್ಟಾಭಿ ಜೋಯಿಸರು, ಅಯ್ಯಂಗಾರರು ಇಬ್ಬರೂ ಅವರ ಶಿಷ್ಯರೇ. ಹದಿನೈದರ ಹುಡುಗನ ಸರಣಿಯನ್ನು ಐವತ್ತೈದರ ಬ್ಯಾಂಕ್ ಉದ್ಯೋಗಿಗೆ ಹಾಗೇ ಹಾಕಿದರೆ ಸೋಮವಾರ ಅವರು ಹೋಗುವುದು ಮೂಳೆ ಡಾಕ್ಟರ ಹತ್ತಿರ.

ಆಮೇಲೆ

ಶಿಬಿರ ಮುಗಿಯುವ ಮೊದಲು ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಬರೆದರು: ಯಾವ ಅಭ್ಯಾಸ, ಯಾವ ಕೆಲಸದ ಜೊತೆಗೆ. "ಬಚ್ಚಲ ನೀರು ಕಾಯುವಾಗ ಉಸಿರು." "ಬಸ್ಸಿಗೆ ಕಾಯುವಾಗ ಉಸಿರು." "ಮಗುವಿಗೆ ನಿದ್ದೆ ಬಂದ ಮೇಲೆ ಶವಾಸನ." "ದಿನಾ ಮಾಡುತ್ತೇನೆ" ಅಂತ ಮಾತ್ರ ಬರೆದ ಚೀಟಿಯನ್ನು ವಾಪಸ್ ಕೊಟ್ಟು ಮತ್ತೆ ಬರೆಸಿದೆ.

ಮೂರು ವಾರ ಬಿಟ್ಟು ಫೋನ್ ಮಾಡಿದೆ. ಈ ಸಲ ಹದಿಮೂರರಲ್ಲಿ ಎಂಟು ಜನ ಮಾಡುತ್ತಿದ್ದರು. ನಿವೃತ್ತ ಟೀಚರ್ ಒಬ್ಬರು ಉಸಿರಿನ ಅಭ್ಯಾಸವನ್ನು ಕುಕ್ಕರಿಗೆ ಜೋಡಿಸಿಕೊಂಡಿದ್ದರು, ಅನ್ನಕ್ಕೆ ಮೂರು ಸೀಟಿ ಆಗುವ ತನಕ. ಹದಿನೇಳು ದಿನ ತಪ್ಪಿಸಿರಲಿಲ್ಲವಂತೆ. "ನಾಲ್ಕು ದಿನದಿಂದ ಇಲ್ಲ ನೋಡಿ, ಕುಕ್ಕರ್ ರಿಪೇರಿಗೆ ಹೋಗಿದೆ" ಅಂದರು. ಈಗ ಚೀಟಿಯಲ್ಲಿ ಎರಡನೇ ಸಾಲೂ ಬರೆಸುತ್ತೇನೆ: ಅದು ಇಲ್ಲದ ದಿನ ಯಾವುದರ ಜೊತೆಗೆ.