ಒಂದು ಕಾರ್ಡ್, ಎರಡು ಪ್ರೋಟೋಕಾಲ್: ಹಳೆಯ ಆಫೀಸ್ ಕಂಪ್ಯೂಟರ್‌ಗಳಿಗೆ ಈ ಜೋಡಿ ಬಂದದ್ದು ಹೇಗೆ?

ಹಳೆಯ ಆಫೀಸ್ ಕಂಪ್ಯೂಟರ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ತೆರೆದರೆ ಒಂದೇ ನೆಟ್‌ವರ್ಕ್ ಕಾರ್ಡಿನ ಕೆಳಗೆ ಎರಡು ಪ್ರೋಟೋಕಾಲ್ (ಕಂಪ್ಯೂಟರ್‌ಗಳು ತಮ್ಮೊಳಗೆ ಮಾತಾಡುವ ನಿಯಮ) ಕಾಣುತ್ತವೆ: ಐಪಿಎಕ್ಸ್ ಮತ್ತು ಟಿಸಿಪಿ/ಐಪಿ. ಕೆಲವು ಕಡೆ ನೆಟ್‌ಬ್ಯೂಯಿ ಅಂತ ಮೂರನೆಯದೂ ಇರುತ್ತದೆ. ಯಾವುದನ್ನು ತೆಗೆದರೆ ಏನು ನಿಲ್ಲುತ್ತದೆ ಅನ್ನೋದು ಆ ಯಂತ್ರ ನೋಡಿಕೊಳ್ಳುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದಕ್ಕೆ ಅವರನ್ನು ದೂರಬೇಕಾಗಿಲ್ಲ. ಈ ಎರಡೂ ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು.

1983ರ ಜನವರಿ 1ರಂದು ಇಂಟರ್ನೆಟ್‌ಗೆ ಮೂಲವಾದ ಅರ್ಪಾನೆಟ್ ಜಾಲ ಟಿಸಿಪಿ/ಐಪಿಗೆ ಬದಲಾಯಿತು. ಅದೇ ವರ್ಷ ಆಫೀಸಿನ ಕಡತ, ಪ್ರಿಂಟರ್‌ಗಳನ್ನು ಹಂಚಿಕೊಳ್ಳುವ ಸರ್ವರ್ ತಂತ್ರಾಂಶ, ನೋವೆಲ್ ಕಂಪನಿಯ ನೆಟ್‌ವೇರ್ ಬಂತು. ಅದರ ಐಪಿಎಕ್ಸ್‌ಗೆ ಮೂಲ ಜೆರಾಕ್ಸ್‌ನವರ ಪ್ರೋಟೋಕಾಲ್. ಮುಂದಿನ ಹತ್ತು ವರ್ಷ ಆಫೀಸುಗಳಲ್ಲಿ ಐಪಿಎಕ್ಸ್‌ನದೇ ಕಾಲ. ಕಾರಣ ಸರಳ. ಐಪಿಎಕ್ಸ್‌ನಲ್ಲಿ ಕಂಪ್ಯೂಟರಿಗೆ ವಿಳಾಸ ಕೊಡಬೇಕಿರಲಿಲ್ಲ. ಕಾರ್ಡಿನಲ್ಲೇ ಇರುವ 48 ಬಿಟ್ ಸಂಖ್ಯೆ ಸಾಕಾಗುತ್ತಿತ್ತು. ಟಿಸಿಪಿ/ಐಪಿಯಲ್ಲಿ ಹಾಗಲ್ಲ. ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಎಲ್ಲವನ್ನೂ ಒಂದೊಂದು ಯಂತ್ರಕ್ಕೂ ಕೈಯಾರೆ ತುಂಬಬೇಕಿತ್ತು. ಇದನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಬಂದದ್ದೇ 1993ರಲ್ಲಿ.

ಆ ಹೊತ್ತಿಗೆ ಇಮೇಲ್ ಮತ್ತು ವೆಬ್ ಆಫೀಸಿನ ಬಾಗಿಲಿಗೆ ಬಂದಿದ್ದವು. ಅವುಗಳಿಗೆ ಟಿಸಿಪಿ/ಐಪಿಯೇ ಬೇಕು. ಆದರೆ ಕಡತಗಳು, ಪ್ರಿಂಟರ್‌ಗಳು ಎಲ್ಲ ನೆಟ್‌ವೇರ್ ಸರ್ವರ್ ಮೇಲಿದ್ದವು. ಹಳೆಯದನ್ನು ಬಿಡುವಂತಿಲ್ಲ, ಹೊಸದನ್ನು ಬೇಡ ಅನ್ನುವಂತಿಲ್ಲ. ಸರಿ, ಸದ್ಯಕ್ಕೆ ಎರಡೂ ಇರಲಿ ಅಂದರು. ಅದು ಸರಿಯಾದ ತೀರ್ಮಾನವೇ ಆಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಅದರ ಭಾರ ಬಿದ್ದದ್ದು ಇರೋದರಲ್ಲೇ ಸಣ್ಣ ಯಂತ್ರದ ಮೇಲೆ.

ಮೊದಲನೆಯ ತೊಡಕು ಕಾರ್ಡಿನದ್ದು. ಹಳೆಯ ಐಪಿಎಕ್ಸ್ ಪ್ರೋಗ್ರಾಮಿನೊಳಗೇ ಕಾರ್ಡನ್ನು ನಡೆಸುವ ಡ್ರೈವರ್ ಸೇರಿರುತ್ತಿತ್ತು. ಒಮ್ಮೆ ಅದು ಕಾರ್ಡನ್ನು ಹಿಡಿದರೆ ಇನ್ನೊಂದು ಪ್ರೋಟೋಕಾಲಿಗೆ ಜಾಗವಿಲ್ಲ. ಹಾಗಾಗಿ ಕೆಲವರು ಕಂಪ್ಯೂಟರ್ ಶುರುವಾಗುವಾಗಲೇ ಒಂದು ಮೆನು ಇಟ್ಟುಕೊಂಡಿದ್ದರು. ಸರ್ವರ್ ಬೇಕಾದರೆ 1, ಇಂಟರ್ನೆಟ್ ಬೇಕಾದರೆ 2 ಒತ್ತಬೇಕು. ಬದಲಿಸಬೇಕಾದರೆ ಮತ್ತೆ ರೀಬೂಟ್. ನೋವೆಲ್ ಮತ್ತು ಆಪಲ್ ರೂಪಿಸಿದ ಒಡಿಐ, ಮೈಕ್ರೋಸಾಫ್ಟ್ ಮತ್ತು 3ಕಾಮ್ ತಂದ ಎನ್‌ಡಿಐಎಸ್ ಅನ್ನುವ ಮಾನದಂಡಗಳು ಈ ಗಂಟನ್ನು ಬಿಡಿಸಿದವು. ಡ್ರೈವರ್ ಬೇರೆ, ಪ್ರೋಟೋಕಾಲ್ ಬೇರೆ ಆಯಿತು.

ಆಗ ಎರಡನೆಯ ತೊಡಕು ಎದುರಾಯಿತು: ಮೆಮೊರಿ. ಆಗಿನ ಆಪರೇಟಿಂಗ್ ಸಿಸ್ಟಂ ಡಾಸ್‌ನಲ್ಲಿ ಪ್ರೋಗ್ರಾಮುಗಳಿಗೆ ಇದ್ದದ್ದು 640 ಕೆಬಿ. ಮೊದಲು ಡ್ರೈವರಿಗೂ ಪ್ರೋಟೋಕಾಲಿಗೂ ನಡುವಿನ ಕೊಂಡಿಯಾದ ಎಲ್‌ಎಸ್‌ಎಲ್, ಆಮೇಲೆ ಕಾರ್ಡಿನ ಡ್ರೈವರ್, ಆಮೇಲೆ ಐಪಿಎಕ್ಸ್, ಸರ್ವರಿಗೆ ಸೇರಿಸುವ ಶೆಲ್, ಇದರ ಮೇಲೆ ಟಿಸಿಪಿ/ಐಪಿ. ಇಷ್ಟೂ ಲೋಡ್ ಆದ ಮೇಲೆ ಲೆಕ್ಕಪತ್ರದ ಪ್ರೋಗ್ರಾಮ್ ತೆರೆದರೆ ಮೆಮೊರಿ ಸಾಲದು ಅನ್ನುತ್ತಿತ್ತು. ಒಂದೊಂದು ಸಾಲನ್ನೂ ಹಿಂದೆ ಮುಂದೆ ಮಾಡಿ, ಕೆಲವನ್ನು ಮೇಲಿನ ಮೆಮೊರಿಗೆ ತಳ್ಳಿ, ಮೆಮ್ ಕಮಾಂಡ್ ಹೊಡೆದು ಎಷ್ಟು ಉಳೀತು ಅಂತ ನೋಡುತ್ತಾ ಕೂರಬೇಕಿತ್ತು.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಫ್ರೇಮ್ ಟೈಪ್, ಅಂದರೆ ಮಾಹಿತಿಯ ತುಣುಕನ್ನು ಕೇಬಲ್ ಮೇಲೆ ಕಳಿಸುವ ಹೊದಿಕೆಯ ಬಗೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಫೀಸಿನ ಕೇಬಲ್ ಜಾಲವಾದ ಈಥರ್ನೆಟ್‌ನ ಫ್ರೇಮಿನ ತಲೆಭಾಗ 14 ಬೈಟ್. ಆ ತಲೆಭಾಗದ ಕೊನೆಯ 2 ಬೈಟ್‌ನಲ್ಲಿ 1500 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಇದ್ದರೆ ಅದು ಒಳಗಿನ ಮಾಹಿತಿಯ ಉದ್ದ. 1536 ಅಥವಾ ಹೆಚ್ಚಿದ್ದರೆ ಅದು ಒಳಗಿರುವ ಪ್ರೋಟೋಕಾಲಿನ ಗುರುತು. ಟಿಸಿಪಿ/ಐಪಿ ಸಾಮಾನ್ಯವಾಗಿ ಈ ಎರಡನೆಯ ಬಗೆಯಲ್ಲಿ, ಅಂದರೆ ಈಥರ್ನೆಟ್ 2ರಲ್ಲಿ ಹೋಗುತ್ತದೆ. ಐಪಿಎಕ್ಸ್‌ಗೆ ನಾಲ್ಕು ಬಗೆ ಇದ್ದವು. ನೆಟ್‌ವೇರ್ ಮೊದಲು 802.3 ಅನ್ನುವ ಬಗೆಯನ್ನು ಬಳಸುತ್ತಿತ್ತು. 3.12 ಮತ್ತು 4ನೇ ಆವೃತ್ತಿಗಳಿಂದ 802.2 ಮಾಮೂಲಿಯಾಯಿತು. ಅಕ್ಕಪಕ್ಕದ ಎರಡು ಯಂತ್ರ, ಒಂದೇ ಕೇಬಲ್, ಒಂದೇ ಪ್ರೋಟೋಕಾಲ್. ಆದರೂ ಫ್ರೇಮ್ ಬೇರೆಯಾದರೆ ಒಂದಕ್ಕೆ ಸರ್ವರ್ ಸಿಗುತ್ತದೆ, ಇನ್ನೊಂದಕ್ಕೆ ಸಿಗಲ್ಲ! ಪರಿಹಾರ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್.ಸಿಎಫ್‌ಜಿ ಕಡತದಲ್ಲಿ ಎರಡೇ ಸಾಲು: ಐಪಿಎಕ್ಸ್‌ಗೆ ಫ್ರೇಮ್ ಈಥರ್ನೆಟ್ 802.2, ಅದರ ಕೆಳಗೆ ಟಿಸಿಪಿ/ಐಪಿಗೆ ಫ್ರೇಮ್ ಈಥರ್ನೆಟ್ 2. ಆ ಎರಡು ಸಾಲು ಸಿಗದೆ ಕೇಬಲ್ ಬದಲಿಸಿದವರು, ಕಾರ್ಡ್ ಬದಲಿಸಿದವರು ಎಷ್ಟು ಮಂದಿಯೋ.

1995ರ ಆಗಸ್ಟಿನಲ್ಲಿ ವಿಂಡೋಸ್ 95 ಬಂದ ಮೇಲೆ ಮೆಮೊರಿಯ ಕಾಟ ಹೆಚ್ಚುಕಡಿಮೆ ತೀರಿತು. ಆದರೆ ಅದರ ಮೊದಲ ಆವೃತ್ತಿ ಕಾರ್ಡ್ ಕಂಡ ಕೂಡಲೇ ಐಪಿಎಕ್ಸ್ ಮತ್ತು ನೆಟ್‌ಬ್ಯೂಯಿ ಹಾಕುತ್ತಿತ್ತು, ಟಿಸಿಪಿ/ಐಪಿಯನ್ನು ನಾವೇ ಸೇರಿಸಬೇಕಿತ್ತು. ಅಲ್ಲಿಗೆ ಮೂರಾಯಿತು. ಆಫೀಸಿನ ಕಂಪ್ಯೂಟರ್‌ಗಳನ್ನು ತೋರಿಸುವ ನೆಟ್‌ವರ್ಕ್ ನೇಬರ್‌ಹುಡ್‌ನ ಪಟ್ಟಿ ಇಟ್ಟುಕೊಳ್ಳುವ ಯಂತ್ರ ಯಾವುದು ಅನ್ನುವ ಆಯ್ಕೆ ಪ್ರತಿ ಪ್ರೋಟೋಕಾಲಿಗೂ ಬೇರೆಯಾಗಿ ನಡೆಯುತ್ತಿತ್ತು. ಹಾಗಾಗಿ ಒಬ್ಬರಿಗೆ ಕಾಣುವ ಕಂಪ್ಯೂಟರ್ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಬೇಡದ್ದನ್ನು ತೆಗೆದರೆ ಸರಿಹೋಗುತ್ತಿತ್ತು. ಆದರೆ ತೆಗೆಯೋದು ಯಾರ ಕೆಲಸ ಅಂತ ಯಾರೂ ಹೇಳಿರಲಿಲ್ಲ ಅಲ್ವಾ?

1998ರಲ್ಲಿ ನೆಟ್‌ವೇರ್ 5 ನೇರವಾಗಿ ಟಿಸಿಪಿ/ಐಪಿ ಮೇಲೆ ನಡೆಯಿತು. ವಿಂಡೋಸ್ 98 ಟಿಸಿಪಿ/ಐಪಿಯನ್ನೇ ಮೊದಲು ಹಾಕಿತು. ವಿಂಡೋಸ್ ವಿಸ್ಟಾ ಬರುವ ಹೊತ್ತಿಗೆ ವಿಂಡೋಸ್‌ನಲ್ಲಿ ಐಪಿಎಕ್ಸ್ ಇರಲಿಲ್ಲ.

ಅಷ್ಟರಲ್ಲಿ ಹೊಸ ಜೋಡಿ ಬಂದಾಗಿತ್ತು, ಐಪಿಯದೇ ಎರಡು ಆವೃತ್ತಿ: 32 ಬಿಟ್ ವಿಳಾಸದ ಐಪಿವಿ4, 128 ಬಿಟ್‌ನ ಐಪಿವಿ6. ವಿಸ್ಟಾಗಿಂತ ಹಿಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಕಮಾಂಡ್ ಹೊಡೆದರೆ ಐಪಿವಿ6 ಬರುತ್ತದೆ. ಆದರೆ ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಪ್ರಶ್ನೆಗಳನ್ನು ಎಕ್ಸ್‌ಪಿ ಕಳಿಸೋದು ಐಪಿವಿ4 ಮೇಲೆ ಮಾತ್ರ. ಅಂಥ ಯಂತ್ರದಲ್ಲಿ ಹೊಸದನ್ನು ಸೇರಿಸಬಹುದು, ಹಳೆಯದನ್ನು ತೆಗೆದು ಬದುಕಲು ಆಗಲ್ಲ.