ಮಾರ್ಕ್ಸ್ ನೋಡಿದ ಮೇಲೆ ಷರಾ ಓದುವವರು ಯಾರು?

ತಿದ್ದಿದ ಉತ್ತರಪತ್ರಿಕೆ ಕೈಗೆ ಬಂದರೆ ವಿದ್ಯಾರ್ಥಿ ಮೊದಲು ನೋಡುವುದು ಮಾರ್ಕ್ಸ್. ಆಮೇಲೆ ಪಕ್ಕದವರ ಮಾರ್ಕ್ಸ್. ಶಿಕ್ಷಕರು ರಾತ್ರಿ ಕೂತು ಅಂಚಿನಲ್ಲಿ ಬರೆದ ಷರಾ ಹಾಗೇ ಉಳಿದುಬಿಡುತ್ತದೆ.

1988ರಲ್ಲಿ ರೂತ್ ಬಟ್ಲರ್ ಎಂಬ ಮನೋವಿಜ್ಞಾನಿ ಇಸ್ರೇಲಿನಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಐದು ಮತ್ತು ಆರನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಷರಾ, ಉಳಿದವರಿಗೆ ಎರಡೂ ಕೊಟ್ಟರು. ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದವರು, ಆಸಕ್ತಿ ಉಳಿಸಿಕೊಂಡವರು ಬರೀ ಷರಾ ಪಡೆದ ಮಕ್ಕಳು. ಎರಡೂ ಸಿಕ್ಕವರಿಗೆ ಇನ್ನೂ ಜಾಸ್ತಿ ಲಾಭ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಪಕ್ಕದಲ್ಲಿ ಅಂಕ ಇದ್ದಾಗ ಷರಾ ಇದ್ದೂ ಇಲ್ಲದಂತಾಯಿತು.

ಆ ಅಂಕವಾದರೂ ಅಷ್ಟು ನಂಬಿಕೆಗೆ ಅರ್ಹವೇ? 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ಪ್ರತಿಗಳನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ನೂರಕ್ಕೆ ಕೊಟ್ಟ ಅಂಕಗಳ ನಡುವೆ 30ಕ್ಕೂ ಹೆಚ್ಚಿನ ಅಂತರ ಬಂತು. ಭಾಷೆಯಲ್ಲಿ ಹೀಗಾಗುವುದು ಸಹಜ ಎಂದವರಿಗಾಗಿ ಮುಂದಿನ ವರ್ಷ ಜ್ಯಾಮಿತಿಯ ಉತ್ತರಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ದೊಡ್ಡದಾಯಿತು. ಯಾವುದಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಂಡರೆ, ಹೆಸರು ಮುಚ್ಚಿ ತಿದ್ದಿದರೆ ಈ ವ್ಯತ್ಯಾಸ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ.

ಹಾಗಾದರೆ ಅಂಕ ಬಿಟ್ಟು ಷರಾ ಬರೆದರೆ ಸಾಕೇ? ಅದೂ ಅಷ್ಟು ಸುಲಭವಲ್ಲ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡಿನಿಸಿ ಎಂಬ ಸಂಶೋಧಕರು, ಮಾಡಿದ ಕೆಲಸ ಹೇಗಿದೆ ಎಂದು ಹೇಳಿದರೆ ಏನಾಗುತ್ತದೆ ಎಂಬ ಬಗೆಗಿನ ಹಳೆಯ ಅಧ್ಯಯನಗಳನ್ನು ಕಲೆಹಾಕಿ 607 ಫಲಿತಾಂಶಗಳನ್ನು ಅಳೆದರು. ಒಟ್ಟಾರೆ ನೋಡಿದರೆ ಹೇಳಿ ತಿದ್ದುವುದರಿಂದ ಲಾಭವೇ ಆಗಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹೇಳಿದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು! ಶಿಕ್ಷಕ ತರಬೇತಿಯಲ್ಲಿ ಮೊದಲ ದಿನವೇ ಹೇಳಬೇಕಾದ ಸಂಗತಿ ಇದು.

ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಮೇಲೆ ಹೋದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ. 'ನೀನು ಗಣಿತದಲ್ಲಿ ವೀಕ್' ಎಂದರೆ ಮಗು ಲೆಕ್ಕ ಬಿಟ್ಟು ತನ್ನ ಬಗ್ಗೆ ಯೋಚಿಸುತ್ತದೆ. 'ನೀನು ಜಾಣೆ' ಎಂದರೂ ಅಷ್ಟೇ. ಹೊಗಳಿಕೆಯಿಂದ ಖುಷಿಯಾಗುತ್ತದೆ, ನಿಜ. ಮುಂದೇನು ಮಾಡಬೇಕು ಎಂದು ತಿಳಿಯುವುದಿಲ್ಲ. 'ಚೆನ್ನಾಗಿದೆ', 'ಇನ್ನೂ ಪ್ರಯತ್ನಿಸು' ಎಂಬ ಷರಾಗಳೂ ಹಾಗೆಯೇ. ಬದಲಿಗೆ 'ಎರಡನೇ ಸಾಲಿನವರೆಗೆ ಲೆಕ್ಕ ಸರಿ. ಮೂರನೆಯದರಲ್ಲಿ ಚಿಹ್ನೆ ಬದಲಾಗಿದೆ, ಅಲ್ಲಿಂದ ಮತ್ತೆ ಮಾಡು' ಎಂದು ಬರೆದರೆ ಕೈಗೆ ಕೆಲಸ ಸಿಗುತ್ತದೆ.

ತಪ್ಪು ತೋರಿಸಿದರೆ ಮಕ್ಕಳ ಮನಸ್ಸಿಗೆ ನೋವಾಗುತ್ತದೆ ಎಂದು ಕೆಲವರು ಸುಮ್ನೆ ಬಿಟ್ಟುಬಿಡುತ್ತಾರೆ. ಅದು ಕರುಣೆಯಲ್ಲ ಎಂದೇ ನನ್ನ ಅನಿಸಿಕೆ. ಅಮೆರಿಕದಲ್ಲಿ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿದ್ದಿದ ಪ್ರಬಂಧಗಳಿಗೆ ಚಿಕ್ಕ ಚೀಟಿ ಅಂಟಿಸಿದ್ದರು. ನಿನ್ನಿಂದ ನನಗೆ ದೊಡ್ಡ ನಿರೀಕ್ಷೆ ಇದೆ, ನೀನು ಅಲ್ಲಿಗೆ ಮುಟ್ಟಬಲ್ಲೆ, ಅದಕ್ಕೇ ಇದನ್ನೆಲ್ಲ ಬರೆದಿದ್ದೇನೆ ಎಂಬುದು ಅದರ ಸಾರ. ಚೀಟಿ ಪಡೆದವರಲ್ಲಿ ಪ್ರಬಂಧ ತಿದ್ದಿ ಮತ್ತೆ ಕೊಟ್ಟವರು ಹೆಚ್ಚು. ಶಾಲೆಯ ಮೇಲೆ ನಂಬಿಕೆ ಕಳೆದುಕೊಂಡಿದ್ದ ಕಪ್ಪು ಮಕ್ಕಳಲ್ಲಂತೂ ವ್ಯತ್ಯಾಸ ಎದ್ದು ಕಂಡಿತು. ಟೀಕೆ ಮೆದುವಾಗಿರಲಿಲ್ಲ. ಅದು ಯಾಕೆ ಬಂದಿದೆ ಎಂಬುದು ಮಕ್ಕಳಿಗೆ ಗೊತ್ತಿತ್ತು, ಅಷ್ಟೇ.

ಇಷ್ಟಾದರೂ ಷರಾ ಬರೆದು, ಮರುದಿನ ಹೊಸ ಪಾಠಕ್ಕೆ ಹೋದರೆ ಶ್ರಮ ವ್ಯರ್ಥ. ತಿದ್ದಿಕೊಳ್ಳಲು ತರಗತಿಯಲ್ಲೇ ಸಮಯ ಬೇಕು. ಪ್ರತಿ ತಪ್ಪಿಗೂ ಗುರುತು ಹಾಕಬೇಕಿಲ್ಲ. 'ಈ ಇಪ್ಪತ್ತು ಲೆಕ್ಕಗಳಲ್ಲಿ ಐದು ತಪ್ಪಾಗಿವೆ, ಯಾವುವು ಎಂದು ಹುಡುಕಿ ಸರಿಮಾಡು' ಎಂದು ಬರೆದು ಪುಸ್ತಕ ವಾಪಸ್ ಕೊಡಬಹುದು. ಆಗ ಸರಿಯಾದ ಹದಿನೈದನ್ನೂ ಮಗು ಇನ್ನೊಮ್ಮೆ ಪರೀಕ್ಷಿಸಲೇಬೇಕಾಗುತ್ತದೆ. ಅಂಕವನ್ನು ಅದಾದ ಮೇಲೆ ಕೊಟ್ಟರಾಯಿತು.