ಶೇಕಡಾ ನೋಡುವ ಮೊದಲು ಪ್ರಶ್ನೆ ಓದಿ

ಜನಾಭಿಪ್ರಾಯ ಸಮೀಕ್ಷೆಗಳಿಗೆ ಪ್ರಶ್ನಾವಳಿ ಬರೆದುಕೊಡುವುದು ನನ್ನ ಕೆಲಸ. ವರದಿ ಕೈಗೆ ಬಂದ ಕೂಡಲೇ ಹೆಚ್ಚಿನವರು ದಪ್ಪಕ್ಷರದ ಶೇಕಡಾ ನೋಡುತ್ತಾರೆ. ಪ್ರಶ್ನೆ ಏನಿತ್ತು ಅಂತ ಯಾರೂ ಓದುವುದಿಲ್ಲ. ‘ತೈಲದ ಮೇಲಿನ ಅವಲಂಬನೆ ಕಡಿಮೆಯಾಗಬೇಕೇ?’ ಅಂತ ಸುಮ್ನೆ ಕೇಳಿದರೆ ಬಹಳಷ್ಟು ಜನ ಹೌದು ಅನ್ನುತ್ತಾರೆ. ಯಾಕೆ ಅನ್ನಬಾರದು? ಹೌದು ಅನ್ನುವುದಕ್ಕೆ ದುಡ್ಡು ಬೇಕಾ? ಅಷ್ಟಕ್ಕೇ ಸಮೀಕ್ಷೆ ಮಾಡಿಸುವ ಗಿರಾಕಿಗಳ ಭಾಷಣ ಶುರುವಾಗುತ್ತದೆ: ಜನ ತಯಾರಿದ್ದಾರೆ, ಅಡ್ಡ ನಿಂತಿರುವುದು ಮತಕ್ಕೆ ತಕ್ಕಷ್ಟು ಸೀಟು ಕೊಡದ ಚುನಾವಣಾ ಪದ್ಧತಿ, ಅದನ್ನು ಬದಲಾಯಿಸಿದರೆ ಉಳಿದದ್ದು ತಾನಾಗಿ ಆಗುತ್ತದೆ.

ಅಂಥವರಿಗೆ ನಾನು ಸ್ವಿಟ್ಜರ್ಲೆಂಡ್ ತೋರಿಸುತ್ತೇನೆ. ಅಲ್ಲಿ ಸಂಸತ್ತಿನ ಕೆಳಮನೆಗೆ 1919ರಿಂದಲೂ ಪಕ್ಷಗಳಿಗೆ ಬಿದ್ದ ಮತಕ್ಕೆ ತಕ್ಕಂತೆ ಸೀಟು. ಸಾಲದ್ದಕ್ಕೆ ಕಾಯಿದೆಗಳ ಮೇಲೆ ಜನರೇ ನೇರವಾಗಿ ಮತ ಹಾಕಬಹುದು. ಸುಧಾರಣೆ ಬೇಕು ಅನ್ನುವವರು ಕೇಳುವುದೆಲ್ಲ ಅಲ್ಲಿದೆ. ಆದರೂ 2021ರ ಜೂನ್‌ನಲ್ಲಿ ಇಂಗಾಲ ತಗ್ಗಿಸುವ ಕಾಯಿದೆಯನ್ನು ಶೇ. 51.6 ಮತದಾರರು ಬೇಡ ಅಂದರು. ಮತದಾನಕ್ಕೆ ಮುಂಚಿನ ಸಮೀಕ್ಷೆಗಳಲ್ಲಿ ‘ಬೇಕು’ ಮುಂದಿತ್ತು. ಆ ಕಾಯಿದೆಯಿಂದ ಪೆಟ್ರೋಲ್ ಲೀಟರಿಗೆ 12 ರಾಪ್ಪೆನ್‌ವರೆಗೆ (ನೂರು ರಾಪ್ಪೆನ್‌ಗೆ ಒಂದು ಫ್ರಾಂಕ್) ಏರಬಹುದಿತ್ತು, ವಿಮಾನದ ಟಿಕೆಟ್ಟಿಗೆ 30ರಿಂದ 120 ಫ್ರಾಂಕ್ ಸುಂಕ ಬೀಳುತ್ತಿತ್ತು. ಎರಡು ವರ್ಷ ಬಿಟ್ಟು, 2023ರ ಜೂನ್‌ನಲ್ಲಿ, ಹವಾಮಾನ ಕಾಯಿದೆ ಶೇ. 59.1 ಮತ ಪಡೆದು ಗೆದ್ದಿತು. ಅದರಲ್ಲಿ ಹೊಸ ಸುಂಕ ಇರಲಿಲ್ಲ. ಮನೆ ಬೆಚ್ಚಗಿಡುವ ತೈಲದ ಬಾಯ್ಲರ್ ತೆಗೆದು ಬೇರೆ ಹಾಕಿಸಿಕೊಳ್ಳುವವರಿಗೆ ಸಹಾಯಧನ ಇತ್ತು.

ಸುಂಕವೊಂದರಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. 2021ರ ಅದೇ ದಿನ ಕೀಟನಾಶಕದ ಬಗ್ಗೆಯೂ ಮತದಾನ ಇತ್ತು, ಹಳ್ಳಿಗಳ ಜನ ಜಾಸ್ತಿ ಬಂದು ಮತ ಹಾಕಿದರು. ನಡುವೆ ಉಕ್ರೇನ್ ಯುದ್ಧವೂ ಬಂತು. ಆದರೆ ಗುರಿಯನ್ನು ಒಪ್ಪುವುದೇ ಬೇರೆ, ಅದರ ಖರ್ಚಿನ ಬಿಲ್ಲನ್ನು ಒಪ್ಪುವುದೇ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ಮೀಟಿಂಗಿನಲ್ಲಿ ಮತ್ತೆ ಹೇಳಬೇಕು.

ಪದ್ಧತಿಗೆ ಬೆಲೆಯೇ ಇಲ್ಲ ಅಂತಲ್ಲ. ಯಾರ ದನಿ ಸಂಸತ್ತಿಗೆ ಮುಟ್ಟುತ್ತದೆ ಅನ್ನುವುದು ಅದರಿಂದ ಖಂಡಿತ ಬದಲಾಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2001ರಲ್ಲಿ ಒಂದೇ ಪಕ್ಷ ಸುಮಾರು ಶೇ. 58 ಮತಕ್ಕೆ 79ರಲ್ಲಿ 77 ಸೀಟು ಬಾಚಿಕೊಂಡಿತು. ಜನಕ್ಕೆ ಸಿಟ್ಟು ಬರುವುದು ಸಹಜ, ಅಲ್ವಾ? 2005ರಲ್ಲಿ ಹೊಸ ಮತ ಪದ್ಧತಿಗೆ ಶೇ. 57.7 ಜನ ಹೌದು ಅಂದರು. ಬೇಕಾಗಿದ್ದದ್ದು 60. ನಾಲ್ಕು ವರ್ಷದ ನಂತರ ಅದೇ ಪದ್ಧತಿಗೆ ಬಿದ್ದದ್ದು ಶೇ. 39. ಮೊದಲ ಸಲ ‘ಬದಲಾಯಿಸಬೇಕೇ’ ಅಂತ ಕೇಳಿದ್ದರು. ಎರಡನೇ ಸಲ ಹಳೆಯದು, ಹೊಸದು ಎರಡನ್ನೂ ಚೀಟಿಯಲ್ಲಿ ಪಕ್ಕಪಕ್ಕ ಇಟ್ಟು ‘ಯಾವುದು ಬೇಕು’ ಅಂದರು. ಅಷ್ಟರಲ್ಲಿ ಹೊಸ ಕ್ಷೇತ್ರಗಳ ಗಡಿಯೂ ಗೊತ್ತಾಗಿತ್ತು, ಎಷ್ಟು ದೊಡ್ಡ ಕ್ಷೇತ್ರ ಅಂತ ಜನ ನಕ್ಷೆ ನೋಡಿದ್ದರು. ಬೇರೆ ಕಾರಣಗಳೂ ಇರಬಹುದು. ಅಂತೂ ಚುನಾವಣಾ ಸುಧಾರಣೆಗೂ ಒಂದು ಬಿಲ್ ಇರುತ್ತದೆ.

ತೈಲದ ಬಿಲ್ ಮಾತ್ರ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ಜಗತ್ತಿನ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಓಡಾಟಕ್ಕೆ, ಸಾಗಣೆಗೆ. ಬಸ್ಸು ರೈಲು ಇರುವವರಿಗೆ ಬಿಡುವುದು ಸುಲಭ, ಇಲ್ಲದವರಿಗೆ ಕಷ್ಟ. ಇದು ವರದಿಯ ಕೋಷ್ಟಕದಲ್ಲಿ ಕಾಣುವುದಿಲ್ಲ, ಸಂದರ್ಶನದ ರೆಕಾರ್ಡಿಂಗ್ ಕೇಳಿದರೆ ಗೊತ್ತಾಗುತ್ತದೆ. ಅಂಥದ್ದೊಂದರಲ್ಲಿ ಒಬ್ಬ ಹೆಂಗಸು ತೈಲ ಕಡಿಮೆಯಾಗಬೇಕು ಅಂತ ಜೋರಾಗಿಯೇ ಹೇಳಿದ್ದರು. ‘ಹಾಗಾದರೆ ಪೆಟ್ರೋಲಿಗೆ ಜಾಸ್ತಿ ಕೊಡಲು ಒಪ್ಪುತ್ತೀರಾ?’ ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಪಾತ್ರೆ ಸದ್ದು. ಆಮೇಲೆ, ‘ನನ್ನ ರಾತ್ರಿ ಪಾಳಿ ಮುಗಿಯೋ ಹೊತ್ತಿಗೆ ಬಸ್ಸೇ ಇರಲ್ಲಪ್ಪ. ಮೊದಲು ಬಸ್ ಬಿಡ್ಲಿ, ಆಮೇಲೆ ಜಾಸ್ತಿ ಮಾಡ್ಲಿ’ ಅಂದರು. ಪ್ರಶ್ನೆ ಕೇಳುತ್ತಿದ್ದ ಹುಡುಗ ‘ಇಲ್ಲ’ ಅಂತ ಗುರುತು ಹಾಕಿದ. ಅವನದೇನು ತಪ್ಪು, ಫಾರಂನಲ್ಲಿ ಇನ್ನೊಂದು ಖಾನೆಯೇ ಇರಲಿಲ್ಲ. ಆಕೆ ಕೊಟ್ಟದ್ದು ಇಡೀ ಸಮೀಕ್ಷೆಯಲ್ಲೇ ಕೆಲಸಕ್ಕೆ ಬರುವ ಉತ್ತರ ಅಂತ ನನ್ನ ಲೆಕ್ಕ.

ಈಗ ನಾನು ಬರೆಯುವ ಪ್ರಶ್ನಾವಳಿಯಲ್ಲಿ ‘ಬೇಕೇ’ ಅನ್ನುವುದರ ಹಿಂದೆಯೇ ಇನ್ನೆರಡು ಪ್ರಶ್ನೆ ಇರುತ್ತವೆ. ಇಷ್ಟು ಖರ್ಚಾದರೂ ಬೇಕೇ? ಏನು ಸಿಕ್ಕರೆ ಒಪ್ಪುತ್ತೀರಿ? ಎರಡನೆಯದಕ್ಕೆ ಖಾನೆ ಇಲ್ಲ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಗಿರಾಕಿಗಳಿಗೆ ಇದು ಹಿಡಿಸುವುದಿಲ್ಲ. ‘ಶೇಕಡಾ ಇಳಿಯುತ್ತಲ್ವಾ?’ ಅನ್ನುತ್ತಾರೆ. ಇಳಿಯುತ್ತದೆ. ‘ಬೇಕೇ’, ‘ಇಷ್ಟು ಖರ್ಚಾದರೂ ಬೇಕೇ’ ಎರಡರ ಅಂಕಿಯೂ ವರದಿಯ ಮೊದಲ ಪುಟದಲ್ಲೇ ಬರಬೇಕು ಅಂತ ಕರಾರಿನಲ್ಲಿ ಬರೆಸಿಕೊಂಡೇ ಕೆಲಸ ಶುರು ಮಾಡುತ್ತೇನೆ.